ಮುಟ್ಟದ ಸಕ್ಕರೆ

ಒಗೆಯುವ ಮುಂಚೆ ತಮ್ಮನ ಅಂಗಿಯ ಜೇಬು ತಿರುವಿ ಹಾಕಿದಾಗ, ಕಾಗದದ ಮಡಿಕೆ ತೀಡುವ ಮರದ ಪಟ್ಟಿ ಅಕ್ಕನ ಕೈಗೆ ಬಂತು. ಅದರ ಒಂದು ತುದಿಗೆ ಇರುವೆ ಮುತ್ತಿತ್ತು. ಇನ್ನೊಂದು ತುದಿಗೆ ಒಂದೂ ಇರಲಿಲ್ಲ.

ಪಟ್ಟಿ ಹಿಡಿದುಕೊಂಡೇ ಮುಂದಿನ ಕೋಣೆಗೆ ಬಂದಳು. ತಮ್ಮ ಅಲ್ಲಿ ಕೂತು ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ದಬ್ಬಳ ಚುಚ್ಚಿ ಎರಡು ತಿಂಗಳು. ಮಾಯಿತು ಅನ್ನುವಷ್ಟರಲ್ಲಿ ಮತ್ತೆ ಕೀವು.

"ಏನೋ ಇದು, ಇರುವೆಗೂ ಪುಸ್ತಕ ಕಟ್ಟೋದು ಕಲಿಸ್ತಿದೀಯಾ?"

"ಅಂಟು ಮೆತ್ತಿರುತ್ತೆ ಅಕ್ಕ. ಮೈದಾ ಅಂಟಿಗೆ ಇರುವೆ ಬರಲ್ವಾ?"

"ಆ ಅಂಟಿಗೆ ಮೈಲುತುತ್ತ ಬೆರೆಸೋಳು ನಾನೇ. ವಿಷ ತಿಂದು ಬದುಕೋ ಇರುವೆ ನಮ್ಮನೇಲಿ ಮಾತ್ರ ಹುಟ್ಟಿರಬೇಕು."

ಅವನು ದಾರಕ್ಕೆ ಮೇಣ ಉಜ್ಜತೊಡಗಿದ. ಆಗಲೇ ಮೇಣ ಉಜ್ಜಿದ್ದ ದಾರ ಅದು. ಅಕ್ಕ ಅದನ್ನೂ ನೋಡಿದಳು.

"ನರ್ಸಮ್ಮ ಏನಂದಿದ್ರು?"

"ರಕ್ತದಲ್ಲಿ ಸಕ್ಕರೆ ಏರಿ ಕೂತ್ರೆ ಮೈಯೊಳಗಿನ ಕಾವಲುಗಾರರಿಗೆ ಮಂಕು ಹಿಡಿಯುತ್ತೆ, ಕೀವಿನ ಕ್ರಿಮಿ ಎದುರಿಗೇ ಓಡಾಡಿದ್ರೂ ಹಿಡಿಯಲ್ಲ. ಪರೀಕ್ಷೆ ಆಗೋವರೆಗೆ ಸಕ್ಕರೆ ಮುಟ್ಟಬೇಡಿ." ಪಾಠ ಒಪ್ಪಿಸಿದಂತೆ ಒಪ್ಪಿಸಿದ. "ನಿನ್ನಾಣೆ ಅಕ್ಕ, ನಾನು ಮುಟ್ಟಿಲ್ಲ."

ಇವನ ಆಣೆಗಳು ಅಕ್ಕನಿಗೆ ಹೊಸವಲ್ಲ. ಚಿಕ್ಕಂದಿನಲ್ಲಿ, ಕಿಟಕಿ ಗಾಜು ಒಡೆದದ್ದು ನಾನಲ್ಲ ಎಂದು ಹೀಗೆಯೇ ಆಣೆ ಇಟ್ಟಿದ್ದ; ಒಡೆದದ್ದು ಚೆಂಡಂತೆ. ಅವಳು ಅಡುಗೆಮನೆಯಿಂದ ಸಕ್ಕರೆ ಡಬ್ಬಿ ತಂದು ಅವನ ಮುಂದೆ ಮುಚ್ಚಳ ತೆಗೆದಳು. ಸಕ್ಕರೆಯ ನಡುವೆ ಒಂದು ಗುಳಿ, ನೇರವಾದ ಅಂಚಿನದು. ಪಟ್ಟಿಯನ್ನು ಅದರಲ್ಲಿ ಇಳಿಸಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಕೈಯಲ್ಲಿ ಮುಟ್ಟಿಲ್ಲವಲ್ಲ," ಅಂದ ತಮ್ಮ, ಸಣ್ಣ ದನಿಯಲ್ಲಿ.

ಅಕ್ಕ ನಗಲಿಲ್ಲ. "ಪರೀಕ್ಷೆಗೆ ದಿನ ಕೇಳಿ ಡಾಕ್ಟ್ರು ಬರೆದುಕೊಟ್ಟ ಕಾಗದ ಆವತ್ತೇ ಅಂಚೆಗೆ ಹಾಕಿದೆ ಅಂದ್ಯಲ್ಲ. ಎಲ್ಲಿಗೆ ಹಾಕಿದೆ?"

ಅವನ ಕಣ್ಣು ಮೂಲೆಯಲ್ಲಿದ್ದ, ಪುಸ್ತಕ ಒತ್ತುವ ಪ್ರೆಸ್ಸಿನ ಕಡೆ ಹೋಗಿ ಬಂತು. ಅಷ್ಟು ಸಾಕಾಯಿತು. ಅಕ್ಕ ಅದರ ತಿರುಪು ಸಡಿಲಿಸಿದಳು. ಎರಡು ರಟ್ಟುಗಳ ನಡುವೆ ಕಾಗದ ಒಂದು ಸುಕ್ಕೂ ಇಲ್ಲದೆ ಮಲಗಿತ್ತು.

"ಅದು ಹೋದ್ರೆ ಬೆರಳೂ ಹೋಗುತ್ತೆ ಅಕ್ಕ. ಕೊಯ್ದು ಹಾಕ್ತಾರೆ. ಹೆಬ್ಬೆರಳಿಲ್ಲದೆ ಪುಸ್ತಕ ಹಿಡಿಯೋದು ಹೇಗೆ?"

"ಅದು ಇಲ್ಲೇ ಕೂತು ಬೆರಳು ಕಾಯ್ತಾ ಇತ್ತೇನೋ?"

ಅಕ್ಕ ಕಾಗದವನ್ನು ಆಸ್ಪತ್ರೆಯ ವಿಳಾಸ ಬರೆದ ಲಕೋಟೆಯೊಳಗಿಟ್ಟು, ಅಂಟಿಸು ಎಂದು ಅವನ ಕೈಗೆ ಕೊಟ್ಟಳು. ಪಕ್ಕದಲ್ಲೇ ಅಂಟಿನ ಡಬ್ಬಿ, ಕುಂಚ. ಆದರೂ ಅವನು ಲಕೋಟೆಯ ಅಂಚನ್ನು ನಾಲಿಗೆಯಿಂದ ಸವರಿದ. ಮತ್ತೊಮ್ಮೆ ಸವರಿದ.

"ಸಿಹಿಯಾಗಿದೆಯಾ?"

ಅಕ್ಕ ಲಕೋಟೆ ಕಿತ್ತುಕೊಂಡು, ಮೈಲುತುತ್ತದ ಅಂಟನ್ನೇ ದಪ್ಪಗೆ ಬಳಿದು ಒತ್ತಿದಳು.

ಬೀದಿಯ ತಿರುವಿನಲ್ಲಿದ್ದ ಅಂಚೆ ಪೆಟ್ಟಿಗೆಯ ಹತ್ತಿರ ಅದನ್ನು ಅವನಿಗೇ ಕೊಟ್ಟಳು. "ಇದನ್ನಾದ್ರೂ ಕೈಯಲ್ಲಿ ಮುಟ್ಟಿ ಹಾಕು."

ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಅವನು ಲಕೋಟೆಯನ್ನು ಒಳಕ್ಕೆ ತಳ್ಳಿದ. ಒಳಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು. ಆದರೂ ಅಕ್ಕ ಬಳೆ ಮೇಲೇರಿಸಿಕೊಂಡು ಪೆಟ್ಟಿಗೆಯ ಬಾಯೊಳಗೆ ಕೈ ತೂರಿಸಿ, ಎಟುಕಿದಷ್ಟು ದೂರ ತಡಕಿ ನೋಡಿದಳು.