ವಾಪಸ್ ಬಂದ ಎತ್ತು

ಮಾರಿ ಹತ್ತು ದಿನವಾಗಿದ್ದ ಎತ್ತು ಹಗ್ಗ ಕಿತ್ತುಕೊಂಡು, ಹನ್ನೆರಡು ಮೈಲಿ ನಡೆದು, ಹಳೆಯ ಕೊಟ್ಟಿಗೆಗೇ ಬಂದು ನಿಂತಿತ್ತು. ಕೊಂಡಿದ್ದ ದಲ್ಲಾಳಿ ಹೊಸ ಹಗ್ಗ ಹಿಡಿದು ಹುಡುಕಿಕೊಂಡು ಬಂದ.

ಅದೇ ಹೊತ್ತಿಗೆ ಮನೆಯ ಯಜಮಾನ ಕಾರಿನಿಂದ ಇಳಿದ. ಅವನು ತಾಲ್ಲೂಕು ಪಂಚಾಯ್ತಿ ಸದಸ್ಯ. ಎಂಟು ದಿನ ರೆಸಾರ್ಟಿನಲ್ಲಿದ್ದು, ಬೆಳಿಗ್ಗೆಯಷ್ಟೇ ಎದುರು ಪಕ್ಷದವನ ಪರ ಕೈ ಎತ್ತಿ, ಅವನನ್ನು ಅಧ್ಯಕ್ಷನನ್ನಾಗಿ ಮಾಡಿ ಬಂದಿದ್ದ. ಅವನ ಹೆಗಲ ಮೇಲಿನ ಶಾಲು ಬಣ್ಣ ಬದಲಾಯಿಸಿದ್ದು ಆ ವರ್ಷ ಅದು ಮೂರನೇ ಸಲ.

ಎತ್ತನ್ನು ಕಂಡು ಅವನು ನಕ್ಕ. "ಬುದ್ಧಿಯಿಲ್ಲದ ಪ್ರಾಣಿ! ಅಲ್ಲಿ ಹೊಟ್ಟೆ ತುಂಬ ಹಿಂಡಿ, ಬೂಸಾ ಹಾಕ್ತಾರೆ. ಅದನ್ನ ಬಿಟ್ಟು ಈ ಮುರುಕಲು ಕೊಟ್ಟಿಗೆಗೆ ಬಂದಿದೆಯಲ್ಲ!"

ಹೆಂಡತಿ ಅವನ ಕಡೆ ತಿರುಗಲೂ ಇಲ್ಲ. ಎತ್ತಿನ ಮುಂದೆ ನೀರಿನ ಬಕೆಟ್ ಇಟ್ಟು ದಲ್ಲಾಳಿಗೆ ಹೇಳಿದಳು, "ಇದು ಇಲ್ಲೇ ಇರ್ಲಿ ಕಣಣ್ಣ. ಬದಲಿಗೆ ಇವ್ರನ್ನ ಹೊಡ್ಕೊಂಡು ಹೋಗು."

ದಲ್ಲಾಳಿ ಸದಸ್ಯನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡ.

"ಬ್ಯಾಡ ಕಣವ್ವ. ವರ್ಷಕ್ಕೆ ಮೂರು ಕೊಟ್ಟಿಗೆ ಬದಲಾಯಿಸಿದ್ದನ್ನ ನಾವು ಮುಟ್ಟೋದೇ ಇಲ್ಲ."