ಗಂಟಲ ಮೇಲೆ ಎರಡು ಬೆರಳು

ಹೂವಮ್ಮ ಬಾಗಿಲು ಬಡಿದಳು. ಒಳಗಿನಿಂದ ಉತ್ತರವಿಲ್ಲ. ಮತ್ತೆ ಬಡಿದಳು. ಪ್ರಾಂಶುಪಾಲ ಕೃಷ್ಣಕುಮಾರ್ ಕೂತು ಕಾಗದ ತಿರುವುತ್ತಿದ್ದುದು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ತಲೆ ಎತ್ತುವಷ್ಟು ಮರ್ಯಾದೆಯೂ ಆ ಮನುಷ್ಯನಿಗಿರಲಿಲ್ಲ.

“ಒಳಗೆ ನಡೀರಿ,” ಎಂದ ಹಿಂದಿನಿಂದ ಬಂದ ಉಪನ್ಯಾಸಕ ರವೀಶ್. ಪ್ರವೇಶ ಸಮಿತಿ ಅವನದು. “ಬಾಗಿಲು ಬಡಿದ್ರೆ ಅವರು ಯಾವತ್ತೂ ಓಗೊಡಲ್ಲ. ದೊಡ್ಡ ಮನುಷ್ಯರು.”

ಸಾಗರದ ಆ ಖಾಸಗಿ ಕಾಲೇಜಿನಲ್ಲಿ ದೊಡ್ಡ ಮನುಷ್ಯನ ದರ್ಪ ಗೊತ್ತಿಲ್ಲದವರಿರಲಿಲ್ಲ. ಹಿಂದಿನಿಂದ ಯಾರು ನಮಸ್ಕಾರ ಹೇಳಿದರೂ ತಿರುಗಿ ನೋಡುವುದಿಲ್ಲ. ಫೋನ್ ಎತ್ತುವುದಿಲ್ಲ, ಏನಿದ್ದರೂ ವಾಟ್ಸಾಪ್ ಮಾಡಬೇಕು. ತರಗತಿಯಲ್ಲಿ ಪ್ರಶ್ನೆ ಕೇಳುವಂತಿಲ್ಲ, ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಬೇಕು. ಕೊರೋನಾ ಕಾಲದಲ್ಲಿ ಉಳಿದವರೆಲ್ಲ ಮಾಸ್ಕ್ ಹಾಕಿಕೊಂಡು ಪಾಠ ಮಾಡಿದರೆ, ಇವರು ಮಾಸ್ಕಿನ ಕಾಟ ಮುಗಿಯುವವರೆಗೂ ರಜೆ ಹಾಕಿ ಮನೆಯಲ್ಲಿದ್ದರು. ಪ್ರಾಣದ ಮೇಲೆ ಅಷ್ಟು ಆಸೆ.

ಹೂವಮ್ಮನ ಮಗಳು ದೀಪಶ್ರೀಗೆ ಹುಟ್ಟಿನಿಂದಲೇ ಕಿವಿ ಕೇಳದು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾಳೆ. ತಾನೂ ಮಾತಾಡುತ್ತಾಳೆ, ಎರಡು ಬೆರಳನ್ನು ಗಂಟಲ ಮೇಲಿಟ್ಟುಕೊಂಡು. ದನಿ ಹೊರಟಿದೆಯೋ ಇಲ್ಲವೋ ಎಂಬುದು ಗಂಟಲು ಅದುರುವುದರಿಂದಲೇ ಅವಳಿಗೆ ತಿಳಿಯಬೇಕು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಬಿಕಾಂ ಓದುವ ಹಟ. ತೀರ್ಥಹಳ್ಳಿಯ ಒಂದು ಕಾಲೇಜಿನವರು ಸೀಟು ಭರ್ತಿ ಎಂದರು. ಹೊಸನಗರದಲ್ಲಿ ಒಬ್ಬ ಮಹಾನುಭಾವ, ಟೈಲರಿಂಗ್ ಕಲಿಸಿ ಎಂದು ಪುಕ್ಕಟೆ ಬುದ್ಧಿ ಹೇಳಿದ. ಇಲ್ಲೂ ಆಗದಿದ್ದರೆ ಓದು ಮುಗಿದ ಹಾಗೆ. ತಾಯಿ ಮಗಳು ಬ್ಯಾಕೋಡಿನಿಂದ ಹಿನ್ನೀರಿನ ಮೇಲಿನ ಹೊಸ ಸೇತುವೆ ದಾಟಿ ಬಂದಿದ್ದರು. ಅಷ್ಟು ಹಿನ್ನೀರು ದಾಟಿಸುವುದು ಸರ್ಕಾರದ ಕೈಯಲ್ಲಾಯಿತು. ಪ್ರಾಂಶುಪಾಲರ ಈ ಮೇಜು ದಾಟಿಸುವವರು ಯಾರೂ ಇರಲಿಲ್ಲ.

“ಪಾಠ ಮಾಡೋವಾಗ ಇವಳ ಕಡೆ ಮುಖ ಮಾಡಿ ಮಾತಾಡಿದ್ರೆ ಸಾಕು ಸರ್. ಬೇರೆ ಎಂತದೂ ಬೇಡ,” ಎಂದಳು ಹೂವಮ್ಮ, ಚೀಲದೊಳಗೆ ಬಗ್ಗಿ ಅಂಕಪಟ್ಟಿ ಹುಡುಕುತ್ತ.

“ಮುಖ ನೋಡಿ ಮಾತಾಡಿ,” ಕೃಷ್ಣಕುಮಾರ್ ಗದರಿದರು. “ಪ್ರಿನ್ಸಿಪಾಲರ ಹತ್ರ ಮಾತಾಡೋ ರೀತೀನಾ ಇದು?”

ಹೂವಮ್ಮ ಬೆದರಿ ನೆಟ್ಟಗೆ ನಿಂತು, ಹೇಳಿದ್ದನ್ನೇ ಮತ್ತೆ ಹೇಳಿದಳು.

“ವಿಕಲಚೇತನರ ಸೀಟು ಖಾಲಿಯೇ ಇದೆ ಸರ್. ನೋಟ್ಸ್ ಬೇಕಾದ್ರೆ ನಾನೇ ಕೊಡ್ತೀನಿ,” ಎಂದ ರವೀಶ್. ತುಟಿ ಮುಚ್ಚುವಷ್ಟು ಪೊದೆ ಮೀಸೆಯ ಸಾಧು ಮನುಷ್ಯ. ಕೃಷ್ಣಕುಮಾರ್ ಎಂದಿನಂತೆ ಅವನ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪ್ರವೇಶದ ಸೀಲು ರವೀಶನ ಕೈಯಲ್ಲಿದ್ದರೂ ಅಪ್ಪಣೆ ಇವರದು. ಕಾಲೇಜಿನ ಬೋರ್ಡಿನ ಮೇಲೆ ‘ಎಲ್ಲರಿಗೂ ಶಿಕ್ಷಣ’ ಎಂದು ಬಣ್ಣದಲ್ಲಿ ಬರೆಸಿ, ಆ ಸೀಟನ್ನು ವರ್ಷವರ್ಷವೂ ಖಾಲಿ ಬಿಡುತ್ತಿದ್ದರು. ನಾಚಿಕೆಗೇಡು.

ದೀಪಶ್ರೀ ಗಂಟಲ ಮೇಲೆ ಬೆರಳಿಟ್ಟು ಏನೋ ಹೇಳಿದಳು. ಅವಳದು ಒಡಕು ದನಿ, ಹೊಸಬರಿಗೆ ಬೇಗ ತಿಳಿಯುವಂಥದ್ದಲ್ಲ. ರವೀಶನಿಗೂ ತಿಳಿಯಲಿಲ್ಲ.

“ಸಿಎ ಮಾಡ್ತಾಳಂತೆ, ಸಿಎ!” ಕೃಷ್ಣಕುಮಾರ್ ನಕ್ಕರು. “ನೋಡಮ್ಮ, ಇಂಥೋರಿಗೆಲ್ಲ ಕಾಲೇಜು ಆಗಿಬರಲ್ಲ. ಇಡೀ ದಿನ ಇನ್ನೊಬ್ಬರ ಬಾಯಿ ನೋಡ್ಕೊಂಡಿರೋದು ಅಂದ್ರೆ ಸುಮ್ನೆನಾ? ಅರ್ಧ ತಿಳಿಯುತ್ತೆ, ಅರ್ಧ ಊಹೆ. ತಿಳೀದಿದ್ರೂ ಹೂಂ ಅಂತ ತಲೆ ಆಡಿಸ್ಬೇಕು. ಸಂಜೆಗೆ ತಲೆ ಸಿಡಿದುಹೋಗುತ್ತೆ. ನಾಲ್ಕು ಜನಕ್ಕೆ ಗೊತ್ತಾದ್ರೆ ನಗ್ತಾರೆ.”

ಎಂಥ ಅಕ್ಕರೆ! ಬೆನ್ನು ಸವರುತ್ತಲೇ ಕತ್ತು ಹಿಸುಕುವ ಕೆಲಸ. ಹೂವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದೀಪಶ್ರೀ ಅಳಲಿಲ್ಲ. ಅವಳು ಈಗ ಕೃಷ್ಣಕುಮಾರರ ತುಟಿ ಬಿಟ್ಟು ಕಣ್ಣುಗಳನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ ಅಮ್ಮನಿಗೆ ಬೆನ್ನು ಹಾಕಿ ಮೇಜಿನ ಹತ್ತಿರ ಹೋಗಿ ನಿಂತಳು. ಎರಡು ಬೆರಳು ಗಂಟಲಿಗೆ ಹೋದವು. ಅವಳದು ಒಂದೇ ಪ್ರಶ್ನೆ: ಹಾಗಾದ್ರೆ ನಾನು ಎಲ್ಲಿ ಓದ್ಲಿ ಸರ್?

“ಮನೇಲಿದ್ದು ಕರೆಸ್ಪಾಂಡೆನ್ಸಿಗೆ ಕಟ್ಟು,” ಕೃಷ್ಣಕುಮಾರ್ ತಕ್ಷಣ ಅಂದರು. “ಅಲ್ಲಾದ್ರೆ ಯಾರ ಮುಖಾನೂ ನೋಡ್ಬೇಕಾಗಿಲ್ಲ.” ಅರ್ಜಿಯನ್ನು ಪಕ್ಕಕ್ಕೆ ತಳ್ಳಿ ಬೇರೆ ಫೈಲಿಗೆ ತಲೆ ತಗ್ಗಿಸಿದರು.

ರವೀಶ್ ಹುಡುಗಿಯನ್ನು ನೋಡಿದ. ಪ್ರಾಂಶುಪಾಲರನ್ನು ನೋಡಿದ. ಹೂವಮ್ಮ ಕಕ್ಕಾಬಿಕ್ಕಿಯಾಗಿದ್ದಳು. “ಇದೆಂತ ಸರ್? ಈಗ ಯಾರಿಗೆ ಹೇಳಿದ್ರು ಇವ್ರು?”

ಕೃಷ್ಣಕುಮಾರ್ ಹಾಳೆ ತಿರುವಿದರು.

ಇಷ್ಟು ವರ್ಷ ದರ್ಪ ಎಂದುಕೊಂಡದ್ದೆಲ್ಲ ರವೀಶನಿಗೆ ಒಂದೊಂದಾಗಿ ನೆನಪಾಯಿತು. ಅಯ್ಯೋ ಪಾಪ ಅನ್ನಿಸಲಿಲ್ಲ, ಅಸಹ್ಯವಾಯಿತು. ಅರ್ಜಿ ಎತ್ತಿಕೊಂಡು ಅವರ ಬೆನ್ನ ಹಿಂದಿನ ಮೇಜಿಗೆ ಹೋದ. ಪ್ರವೇಶದ ಸೀಲು ತೆಗೆದು, ಕಿಟಕಿಯ ಗಾಜು ನಡುಗುವಷ್ಟು ಜೋರಾಗಿ ಗುದ್ದಿದ. ಹೂವಮ್ಮ ಬೆಚ್ಚಿದಳು. ಕೃಷ್ಣಕುಮಾರ್ ತಲೆ ಎತ್ತಲೂ ಇಲ್ಲ.

ದೀಪಶ್ರೀ ಗಂಟಲಿನಿಂದ ಬೆರಳು ತೆಗೆದಳು. ಆ ಪ್ರಶ್ನೆ ಕೇಳುವಾಗ ಗಂಟಲು ಒಂದಿಷ್ಟೂ ಅದುರದಂತೆ, ದನಿಯೇ ಹೊರಡದಂತೆ, ಅವಳು ಬರೀ ತುಟಿ ಆಡಿಸಿದ್ದಳು.