ಐವತ್ತೆರಡರ ರಿಂಗು

ಅಪ್ಪನ ಕ್ಯಾಮೆರಾ ಫಿಲ್ಟರ್ ಪೌಲೋಮಿಯ ಪುಟ್ಟ ಲೆನ್ಸಿಗೆ ದೊಡ್ಡದಾಯಿತು. "ನಡುವೆ ರಿಂಗ್ ಹಾಕಿದ್ರೆ ಕೂರುತ್ತೆ ಕಾಕು. ನನ್ನ ಲೆನ್ಸಿನ ಅಳತೆ ಐವತ್ತೆರಡು ಮಿಲಿಮೀಟರ್, ಅದರದ್ದು ಒಂದು ಕೊಡಿ."

ಧರ್ಮತಲಾದ ಕ್ಯಾಮೆರಾ ಅಂಗಡಿಯ ನಿರುಪಮ್, ಅವಳ ಪಾಲಿಗೆ ಚಿಕ್ಕಪ್ಪನಂಥ ಕಾಕು, ಅವಳು ತಂದಿದ್ದ ಅಪ್ಪನ ತಗಡಿನ ಡಬ್ಬಿಯನ್ನೇ ತೋರಿಸಿದರು. "ಹೊಸದ್ಯಾಕಮ್ಮಾ? ಇದರಲ್ಲೇ ಹುಡುಕು. ಅವನ ಹತ್ರ ಇದ್ದದ್ದೊಂದೇ ಫಿಲ್ಟರ್, ಅದನ್ನೇ ಎಲ್ಲಕ್ಕೂ ಕೂರಿಸೋಕೆ ಲೆನ್ಸಿಗೊಂದು ರಿಂಗ್. ಮಹಾ ಜಿಪುಣ ನಿಮ್ಮಪ್ಪ!"

"ನನ್ನ ಅಳತೇದು ಇರಲ್ಲ ಬಿಡಿ. ನಾನು ಅವರ ಹಾಗೆ ಮದುವೆ ಫೋಟೋ ತೆಗೆಯಲ್ಲ ಅಂದಿದ್ದಕ್ಕೆ, ನಿನ್ನ ಲೆನ್ಸು ಆಟದ ಸಾಮಾನು ಅಂದ್ರು. ಸಾಯೋವರೆಗೂ ಮಾತಾಡ್ಲಿಲ್ಲ."

ಡಬ್ಬಿಯಲ್ಲಿದ್ದ ಮೂರು ರಿಂಗುಗಳ ಅಂಚು ಬಳಸಿ ಬಳಸಿ ಬೆಳ್ಳಗಾಗಿತ್ತು. ತಳದಲ್ಲಿದ್ದ ನಾಲ್ಕನೆಯದು ಮಾತ್ರ ಕಪ್ಪಗೆ ಹೊಳೆಯುತ್ತಿತ್ತು. ಕಾಕು ಕನ್ನಡಕ ಏರಿಸಿ ಅಂಕಿ ಓದಿದರು.

"ಐವತ್ತೆರಡು," ಎಂದರು ಮೆಲ್ಲಗೆ. "ಅವನ ಹತ್ರ ಈ ಅಳತೆ ಲೆನ್ಸೇ ಇರ್ಲಿಲ್ಲವಲ್ಲ."

ಪೌಲೋಮಿ ಅದನ್ನು ತನ್ನ ಲೆನ್ಸಿಗಿಟ್ಟು ತಿರುಗಿಸಿದಳು. ಎಲ್ಲೂ ತಡೆಯದೆ ಕೂತುಬಿಟ್ಟಿತು.